ಒಂದೇ ಕಲ್ಲಿಗೆ ಮೂರು ವಯಸ್ಸು: ಚಿತ್ರದುರ್ಗದ ಬಂಡೆಗಳಿಗೆ ಯಾವ ಕಾಲಮಾಪನ ಹೊಂದುತ್ತದೆ?

ಹೋದ ತಿಂಗಳು ಎಂ.ಎಸ್ಸಿ. ಓದುವ ಹುಡುಗಿಯೊಬ್ಬಳು ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದಳು. ಅಕ್ಕಿ ಚೀಲದಲ್ಲಿ ನಾಲ್ಕು ಕಲ್ಲು ಹೊತ್ತು ತಂದಿದ್ದಳು. ಜಗಲಿ ಮೇಲೆ ಹಳೇ ಪೇಪರ್ ಹಾಸಿ ಒಂದೊಂದಾಗಿ ಇಟ್ಟಳು. ಮೊದಲನೆಯದು ಬೂದು ಗುಲಾಬಿ ಬಣ್ಣದ ಗ್ರಾನೈಟ್. ಎರಡನೆಯದು ಕಪ್ಪು ಡಾಲರೈಟ್, ಜನ ಕರಿಕಲ್ಲು ಅಂತಾರಲ್ಲ, ಅದು. ಮೂರನೆಯದು ಹಸಿರು ಬಣ್ಣಕ್ಕೆ ತಿರುಗಿದ ಹಳೇ ಲಾವಾ. ಕೊನೆಯದು ಕಾಗೆಬಂಗಾರ, ಅಂದರೆ ಅಭ್ರಕ, ತುಂಬಿ ಮಿರಮಿರ ಮಿಂಚುವ ಶಿಸ್ಟ್, ಪದರ ಪದರವಾದ ಕಲ್ಲು.

"ಸರ್, ಪ್ರಾಜೆಕ್ಟ್ ದುಡ್ಡು ಒಂದೇ ವಿಧಾನಕ್ಕೆ ಸಾಕಾಗುತ್ತೆ. ಎಲ್ಲಕ್ಕಿಂತ ಒಳ್ಳೇದು ಯಾವುದು ಹೇಳಿ," ಅಂದಳು.

"ನಿನಗೆ ಯಾವ ದಿನ ಬೇಕಮ್ಮ?" ಅಂತ ಕೇಳಿದೆ. "ಕಲ್ಲು ಹುಟ್ಟಿದ ದಿನವಾ, ಬೆಂದ ದಿನವಾ, ತಣ್ಣಗಾದ ದಿನವಾ?"

ಅವಳು ಸುಮ್ಮನಾದಳು. ಆ ಪ್ರಶ್ನೆಗೆ ಉತ್ತರ ಇಲ್ಲದೆ ಯಾವ ವಿಧಾನವನ್ನೂ ಆರಿಸೋಕೆ ಆಗಲ್ಲ. ಅವತ್ತು ಜಗಲಿ ಮೇಲೆ ಕೂತು ಮಾತಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಲ್ಲಿನ ವಯಸ್ಸು ತೆಗೆಸಬೇಕು ಅಂತಿರುವ ವಿದ್ಯಾರ್ಥಿಗಳಿಗೆ, ಮತ್ತು ನಮ್ಮೂರ ಬಂಡೆಗಳ ಬಗ್ಗೆ ಪ್ರೀತಿ ಇರುವ ಯಾರಿಗಾದರೂ ಇದು ಉಪಯೋಗಕ್ಕೆ ಬರಲಿ.

ಮೊದಲು ಒಂದು ಸಣ್ಣ ಲೆಕ್ಕ. ಸಂಶೋಧನಾ ಬರಹಗಳಲ್ಲಿ 'ಎಂಎ' ಅಂತಿದ್ದರೆ 10 ಲಕ್ಷ ವರ್ಷ. 'ಜಿಎ' ಅಂದರೆ 100 ಕೋಟಿ ವರ್ಷ. ನಾನು ಎಲ್ಲವನ್ನೂ ಕೋಟಿಯಲ್ಲೇ ಹೇಳುತ್ತೇನೆ.

ಬೀಗ ಯಾವಾಗ ಬೀಳುತ್ತದೆ

ಬೆಳಿಗ್ಗೆ ಬಡಿದ ಜೋಳದ ರೊಟ್ಟಿಯನ್ನು ರಾತ್ರಿ ಮತ್ತೆ ಹೆಂಚಿಗೆ ಹಾಕಿ ಬಿಸಿ ಮಾಡಿದಿರಿ ಅಂದುಕೊಳ್ಳಿ. ಈ ರೊಟ್ಟಿ ಯಾವಾಗಿನದು ಅಂತ ಕೇಳಿದರೆ ಎರಡು ಉತ್ತರ ಇವೆ. ಎರಡೂ ಸರಿ. ನೆಲದಾಳದ ಬಿಸಿ, ಒತ್ತಡಕ್ಕೆ ಬೆಂದು ಬದಲಾದ ಕಲ್ಲಿನ, ಅಂದರೆ ರೂಪಾಂತರ ಶಿಲೆಯ, ಕಥೆಯೂ ಅಷ್ಟೇ.

ವಿಕಿರಣ ಗಡಿಯಾರ ಅಂದರೆ ಒಂದು ಧಾತು ನಿಧಾನವಾಗಿ ಇನ್ನೊಂದಾಗಿ ಬದಲಾಗುವುದು. ಯುರೇನಿಯಂ ಸೀಸವಾಗುತ್ತದೆ, ಪೊಟ್ಯಾಸಿಯಂ ಆರ್ಗಾನ್ ಆಗುತ್ತದೆ. ಆದರೆ ಹುಟ್ಟಿದ ಸೀಸವೋ ಆರ್ಗಾನೋ ಖನಿಜದ ಒಳಗೇ ಉಳಿದರೆ ಮಾತ್ರ ಲೆಕ್ಕ ನಿಲ್ಲುತ್ತದೆ. ಖನಿಜ ತುಂಬಾ ಬಿಸಿ ಇದ್ದಾಗ ಅದು ಹೊರಗೆ ಸೋರಿ ಹೋಗುತ್ತದೆ. ಒಂದು ಹಂತಕ್ಕೆ ತಣ್ಣಗಾದ ಮೇಲೆ ಬಾಗಿಲು ಮುಚ್ಚಿ ಬೀಗ ಬೀಳುತ್ತದೆ. ಆ ಕ್ಷಣದಿಂದ ಗಡಿಯಾರ ಶುರು.

ಎಲ್ಲ ಖನಿಜಕ್ಕೂ ಒಂದೇ ಬೀಗ ಅಲ್ಲ. ಜಿರ್ಕಾನ್ ಅನ್ನುವ ಪುಟ್ಟ, ಗಟ್ಟಿ ಖನಿಜದಲ್ಲಿ ಸೀಸಕ್ಕೆ 900 ಡಿಗ್ರಿಗೂ ಮೇಲೆಯೇ ಬೀಗ ಬೀಳುತ್ತದೆ. ಟೈಟನೈಟ್‌ನಲ್ಲಿ 600ರಿಂದ 700ರ ಸುತ್ತ. ಆರ್ಗಾನ್ ವಿಷಯಕ್ಕೆ ಬಂದರೆ ಹಾರ್ನ್‌ಬ್ಲೆಂಡ್‌ನಲ್ಲಿ 500ರಿಂದ 550, ಬಿಳಿ ಅಭ್ರಕದಲ್ಲಿ ಸುಮಾರು 400, ಕಪ್ಪು ಅಭ್ರಕದಲ್ಲಿ ಸುಮಾರು 300. ಕಾಳಿನ ಗಾತ್ರ, ತಣ್ಣಗಾದ ವೇಗ ನೋಡಿಕೊಂಡು ಈ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ.

ಹಾಗಾಗಿ ಒಂದೇ ಕಲ್ಲಿನ ಜಿರ್ಕಾನ್ ಒಂದು ವಯಸ್ಸು ಹೇಳಬಹುದು, ಅದರ ಪಕ್ಕದಲ್ಲೇ ಕೂತ ಅಭ್ರಕ ಹತ್ತಾರು ಕೋಟಿ ವರ್ಷ ಕಡಿಮೆ ಹೇಳಬಹುದು. ಯಾವುದೂ ಸುಳ್ಳಲ್ಲ.

ಗ್ರಾನೈಟ್‌ಗೆ: ಜಿರ್ಕಾನ್, ಬೇರೆ ಯೋಚನೆ ಬೇಡ

ಒಳನುಗ್ಗಿದ ಅಗ್ನಿಶಿಲೆಯ ಹುಟ್ಟಿದ ದಿನ ಬೇಕು ಅಂದರೆ ನನ್ನ ಉತ್ತರ ಒಂದೇ. ಯುರೇನಿಯಂ–ಸೀಸ, ಅದೂ ಜಿರ್ಕಾನ್‌ನಲ್ಲಿ. ಜಿರ್ಕಾನ್ ಬೆಳೆಯುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗೇ ಇಡುತ್ತದೆ. ಈಗ ಒಳಗೆ ಸಿಗುವ ಸೀಸವೆಲ್ಲ ಹೆಚ್ಚುಕಡಿಮೆ ಅಲ್ಲೇ ಹುಟ್ಟಿದ್ದು.

ಇದರ ದೊಡ್ಡ ಬಲ ಅಂದರೆ ಒಂದೇ ಕಾಳಿನಲ್ಲಿ ಎರಡು ಗಡಿಯಾರ ಇವೆ. ಯುರೇನಿಯಂ-238 ಅರ್ಧ ಆಗೋಕೆ ಸುಮಾರು 447 ಕೋಟಿ ವರ್ಷ ಬೇಕು. ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ವರ್ಷ ಸಾಕು. ಚಿತ್ರದುರ್ಗ ಗ್ರಾನೈಟ್‌ಗೆ ಸಿಕ್ಕಿರುವ ವಯಸ್ಸು ಸುಮಾರು 261 ಕೋಟಿ ವರ್ಷ. ಅಷ್ಟು ಕಾಲದಲ್ಲಿ ಮೊದಲನೆಯದರಲ್ಲಿ 100ಕ್ಕೆ 67 ಭಾಗ ಇನ್ನೂ ಉಳಿದಿರುತ್ತದೆ. ಎರಡನೆಯದರಲ್ಲಿ 100ಕ್ಕೆ 8 ಭಾಗ ಉಳಿದರೆ ಹೆಚ್ಚು. ಇಷ್ಟು ಬೇರೆ ವೇಗದ ಎರಡು ಗಡಿಯಾರ ಒಂದೇ ಸಮಯ ತೋರಿಸಿದರೆ ಆ ಅಂಕಿಯನ್ನು ನಂಬಬಹುದು, ಅಲ್ವಾ? ಎರಡೂ ಬೇರೆ ಬೇರೆ ಹೇಳಿದರೆ ನಡುವೆ ಎಲ್ಲೋ ಸೀಸ ಸೋರಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಬೇರೆ ವಿಧಾನಗಳಲ್ಲಿ ಈ ಒಳಗಿನ ಸಾಕ್ಷಿ ಸಿಗುವುದಿಲ್ಲ.

ಒಂದು ಎಚ್ಚರಿಕೆ ಇದೆ. ನಮ್ಮ ಗ್ರಾನೈಟ್‌ಗಳು ಬರಿಗಾಳಿಯಲ್ಲಿ ಹುಟ್ಟಿದವಲ್ಲ. ಕೆಳಗಿರುವ ಹಳೆಯ ನೈಸ್ (ಪಟ್ಟೆ ಪಟ್ಟೆಯ ರೂಪಾಂತರ ಶಿಲೆ) ಕರಗಿ, ಅಥವಾ ಅದನ್ನು ಸೀಳಿಕೊಂಡು ಬಂದವು. ಈ ಪರ್ಯಾಯದ್ವೀಪದ ನೈಸ್‌ಗೆ 300ರಿಂದ 340 ಕೋಟಿ ವರ್ಷದ ಭಾಗಗಳಿವೆ. ಅದರ ಜಿರ್ಕಾನ್ ಕಾಳುಗಳು ಕರಗದೆ ಹೊಸ ಗ್ರಾನೈಟ್‌ನೊಳಗೆ ಉಳಿದುಬಿಡಬಹುದು. ಅವುಗಳ ಮೇಲೆ ಹೊಸ ಜಿರ್ಕಾನ್ ಹೊದಿಕೆ ಹಾಗೆ ಬೆಳೆಯುತ್ತದೆ. ಇಡೀ ಕಾಳನ್ನು ಕರಗಿಸಿ ಅಳೆದರೆ ಅಜ್ಜನದೂ ಅಲ್ಲದ, ಮೊಮ್ಮಗನದೂ ಅಲ್ಲದ ನಡುವಿನ ಒಂದು ವಯಸ್ಸು ಬರುತ್ತದೆ. ಆ ವಯಸ್ಸಿನಲ್ಲಿ ಏನೂ ನಡೆದೇ ಇರುವುದಿಲ್ಲ.

ಅದಕ್ಕೇ ಮೊದಲು ಫೋಟೋ ತೆಗೆಸಬೇಕು. ಜಿರ್ಕಾನ್ ಕಾಳು ಸಾಸಿವೆಗಿಂತ ಎಷ್ಟೋ ಸಣ್ಣದು, ಉದ್ದ ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಎರಡು ಭಾಗ. ಸೂಕ್ಷ್ಮದರ್ಶಕದ ಕೆಳಗೆ ತಿಳಿ ಜೇನಿನ ಬಣ್ಣ, ಎರಡೂ ತುದಿಗೆ ಗೋಪುರದ ಹಾಗೆ ಚೂಪು. ಅದನ್ನು ಅಂಟಿನಲ್ಲಿ ಕೂರಿಸಿ, ಅರ್ಧಕ್ಕೆ ಉಜ್ಜಿ, ಎಲೆಕ್ಟ್ರಾನ್ ಕಿರಣ ಬಿಟ್ಟರೆ ಒಳಗಿನ ಪದರಗಳು ಬೆಳಗುತ್ತವೆ. ಈರುಳ್ಳಿ ಕೊಯ್ದ ಹಾಗೆ ಸುತ್ತು ಸುತ್ತಾಗಿ ಕಾಣಿಸಿದರೆ ಅದು ಶಿಲಾಪಾಕದಲ್ಲಿ, ಅಂದರೆ ಕರಗಿದ ಕಲ್ಲಿನಲ್ಲಿ, ಬೆಳೆದದ್ದು. ನಡುವೆ ಉಂಡೆಯಾದ, ಅಂಚು ಸವೆದ ಬೇರೆ ತುಂಡು ಕಾಣಿಸಿದರೆ ಅದು ಹಳೆಯ ಮನೆಯಿಂದ ಬಂದದ್ದು. ಈ ಚಿತ್ರ ಕೈಯಲ್ಲಿ ಇಲ್ಲದೆ ವಯಸ್ಸು ಅಳೆಸಬೇಡಿ. ಖರ್ಚು ಉಳಿಸಲು ಇದನ್ನು ಬಿಟ್ಟವರು ಆಮೇಲೆ ಅಂಕಿಗಳ ಅರ್ಥ ಗೊತ್ತಾಗದೆ ಒದ್ದಾಡುತ್ತಾರೆ.

ಯಂತ್ರದಲ್ಲೂ ಆಯ್ಕೆ ಇದೆ. ಲೇಸರ್ ಬಿಟ್ಟು ಕಾಳಿನ ಒಂದು ಚುಕ್ಕೆಯನ್ನು ಆವಿ ಮಾಡಿ ಅಳೆಯುವುದು ಎಲ್ಲಕ್ಕಿಂತ ಬೇಗ. ಚುಕ್ಕೆ ಸುಮಾರು 30 ಮೈಕ್ರಾನ್ ಅಗಲ. ಒಂದೇ ದಿನದಲ್ಲಿ ನೂರಾರು ಚುಕ್ಕೆ ಆಗುತ್ತದೆ. ತಪ್ಪಿನ ಅಂತರ ಶೇಕಡಾ 1ರಿಂದ 2. ಅಯಾನ್ ಪ್ರೋಬ್ ಎನ್ನುವ ಯಂತ್ರ ಅಯಾನ್ ಕಿರಣದಿಂದ ಅದೇ ಅಗಲದ ಚುಕ್ಕೆಯನ್ನು ಬಹಳ ತೆಳ್ಳಗೆ ಕೆರೆಯುತ್ತದೆ. ಹೊರ ಪದರ ತೀರ ತೆಳುವಿದ್ದರೆ ಅದೇ ಬೇಕು. ಮೂರನೆಯದು ಕಾಳನ್ನು ಆಮ್ಲದಲ್ಲಿ ಪೂರ್ತಿ ಕರಗಿಸುವ ಹಳೆಯ, ತಾಳ್ಮೆಯ ದಾರಿ. ಅದರಲ್ಲಿ ತಪ್ಪು ಶೇಕಡಾ 0.1ಕ್ಕಿಂತ ಕೆಳಗೆ ಇಳಿಯುತ್ತದೆ. 2005ರಿಂದ ಈಚೆಗೆ ಕಾಳನ್ನು ಮೊದಲು ಸುಮಾರು 900 ಡಿಗ್ರಿಗೆ ಕಾಯಿಸಿ, ಸೀಸ ಸೋರಿದ ಭಾಗವನ್ನು ಆಮ್ಲದಲ್ಲಿ ತೊಳೆದು, ಗಟ್ಟಿ ಉಳಿದದ್ದನ್ನು ಮಾತ್ರ ಅಳೆಯುವ ಪದ್ಧತಿ ಬಂದಿದೆ. ಹತ್ತಿರ ಹತ್ತಿರದ ಎರಡು ಗ್ರಾನೈಟ್‌ಗಳಲ್ಲಿ ಯಾವುದು ಮೊದಲು ಅಂತ ಬಿಡಿಸಬೇಕಾದರೆ ಇದು ಬೇಕು. ಚಿತ್ರದುರ್ಗ ಗ್ರಾನೈಟ್ ಮತ್ತು ಪೂರ್ವಕ್ಕಿರುವ ಕ್ಲೋಸ್‌ಪೇಟೆ ಗ್ರಾನೈಟ್ ಬೇರೆ ಬೇರೆ ಅಂತ ಹೇಳೋಕೆ ಲೇಸರ್ ಸಾಕು. ಕ್ಲೋಸ್‌ಪೇಟೆ ಸುಮಾರು 251ರಿಂದ 252 ಕೋಟಿ ವರ್ಷದ್ದು. ಮಧ್ಯೆ 9–10 ಕೋಟಿ ವರ್ಷ ಇದೆ, ಎದ್ದು ಕಾಣುತ್ತದೆ.

ಕರಿಕಲ್ಲಿಗೆ ಜಿರ್ಕಾನ್ ನಂಬಬೇಡಿ

ಇದು ನಾನು ಕೈ ಸುಟ್ಟುಕೊಂಡು ಕಲಿತದ್ದು. ಸಂಶೋಧನೆ ಶುರು ಮಾಡಿದ ವರ್ಷ ನೈಸ್‌ನ ನಡುವೆ ನುಗ್ಗಿದ ಒಂದು ಡಾಲರೈಟ್ ಡೈಕ್‌ನಿಂದ (ಬಿರುಕಿಗೆ ನುಗ್ಗಿ ಗಟ್ಟಿಯಾದ ಹಲಗೆಯಂಥ ಶಿಲೆಯಿಂದ) ಕಲ್ಲು ತೆಗೆದೆ. ಅಂಚಿನ ಹತ್ತಿರ ಸುಲಭವಾಗಿ ಒಡೆಯಿತು ಅಂತ ಅಲ್ಲೇ ತೆಗೆದೆ. ಬೇರೆ ಊರಿನ ಲ್ಯಾಬ್ ಒಂದರಲ್ಲಿ ಪುಡಿ ಮಾಡಿಸಿ ಜಿರ್ಕಾನ್ ಹುಡುಕಿಸಿದೆ. ಕೆಲವು ಕಾಳು ಸಿಕ್ಕವು. ಖುಷಿಯೋ ಖುಷಿ. ಅಳತೆ ಬಂದಾಗ ಎಲ್ಲವೂ ಪಕ್ಕದ ನೈಸ್‌ನ ವಯಸ್ಸು! ಡೈಕ್ ಬರುವಾಗ ಗೋಡೆಯಿಂದ ಕಿತ್ತುಕೊಂಡು ಬಂದ ಕಾಳುಗಳು ಅವು. ಒಂದೆರಡು ಕಾಳು ಅಲ್ಲಿಗೂ ಸೇರಿದವಲ್ಲ. ಪುಡಿ ಮಾಡುವ ಯಂತ್ರದಲ್ಲಿ ಹಿಂದಿನವರ ಕಲ್ಲಿನ ಚೂರು ಉಳಿದಿತ್ತು, ಯಾರೂ ಸರಿಯಾಗಿ ತೊಳೆದಿರಲಿಲ್ಲ. ಒಂದು ವರ್ಷದ ಕೆಲಸ ಮಣ್ಣುಪಾಲಾಯಿತು. ಅವತ್ತಿನಿಂದ ಯಂತ್ರ ತೊಳೆಯುವಾಗ ನಾನೇ ಮುಂದೆ ನಿಲ್ಲುತ್ತೇನೆ.

ಕರಿಕಲ್ಲಿನಲ್ಲಿ ಸಿಲಿಕಾ ಕಡಿಮೆ. ಹಾಗಾಗಿ ಅದರ ಸ್ವಂತ ಜಿರ್ಕಾನ್ ಬೆಳೆಯುವುದು ಅಪರೂಪ. ಅದರ ಬದಲು ಬ್ಯಾಡಲಿಯೈಟ್ ಎನ್ನುವ ಜಿರ್ಕೋನಿಯಂ ಆಕ್ಸೈಡ್ ಬೆಳೆಯುತ್ತದೆ. ಕಂದು ಬಣ್ಣದ, ತಗಡಿನಂಥ ಚಪ್ಪಟೆ ಕಾಳು. ಇದೂ ಯುರೇನಿಯಂ ಹಿಡಿದುಕೊಂಡು ಸೀಸವನ್ನು ದೂರ ಇಡುತ್ತದೆ. ದೊಡ್ಡ ಗುಣ ಏನೆಂದರೆ ಇದು ನೈಸ್‌ನಲ್ಲೋ ಗ್ರಾನೈಟ್‌ನಲ್ಲೋ ಇರುವುದಿಲ್ಲ. ಸಿಕ್ಕಿತು ಅಂದರೆ ಡೈಕ್‌ನದೇ. ಬೆಂಗಳೂರಿನ ಸುತ್ತಿನ ಪೂರ್ವ–ಪಶ್ಚಿಮ ದಿಕ್ಕಿನ ದೊಡ್ಡ ಡೈಕ್ ಗುಂಪಿಗೆ 2007ರಲ್ಲಿ ಸುಮಾರು 237 ಕೋಟಿ ವರ್ಷ ಅಂತ ಖಚಿತವಾದದ್ದು ಇದರಿಂದಲೇ.

ತೊಂದರೆ ಏನೆಂದರೆ ಕಾಳು ತೀರ ಸಣ್ಣ, ತೀರ ತೆಳು. ಸಾಮಾನ್ಯ ರೀತಿಯಲ್ಲಿ ಪುಡಿ ಮಾಡಿ ತೊಳೆದರೆ ನೀರಿನ ಜೊತೆ ಹೋಗಿಬಿಡುತ್ತದೆ. ನೀರು ಹರಿಯುವ ಅಲುಗಾಡುವ ಮೇಜಿನ ಮೇಲೆ, ಮೊರದಲ್ಲಿ ಕೇರಿದ ಹಾಗೆ ನಾಜೂಕಾಗಿ ಬೇರ್ಪಡಿಸಬೇಕು. ಆ ಕೈ ಪಳಗಿದ ಲ್ಯಾಬ್ ಹುಡುಕಿಕೊಳ್ಳಿ. ಕಲ್ಲನ್ನು ಡೈಕ್‌ನ ಮಧ್ಯದಿಂದ ತೆಗೆಯಿರಿ. ಅಂಚು ಬೇಗ ತಣ್ಣಗಾಗಿ ನುಣ್ಣಗಿರುತ್ತದೆ, ಅಲ್ಲಿ ಕಾಳು ಬೆಳೆಯೋಕೆ ಸಮಯವೇ ಇರುವುದಿಲ್ಲ. ನಡುವೆ ಕಣ್ಣಿಗೆ ಕಾಣುವಷ್ಟು ದಪ್ಪ ಹರಳಿನ ಜಾಗ ಇದ್ದರೆ ಅದೇ ಬೇಕು.

ಡೈಕ್ ಆಮೇಲೆ ರೂಪಾಂತರಗೊಂಡಿದ್ದರೆ ಇನ್ನೊಂದು ಲಾಭ ಇದೆ. ಬ್ಯಾಡಲಿಯೈಟ್‌ನ ಹೊರಮೈ ಬೆಳ್ಳಗೆ, ಮಂಜು ಹಿಡಿದ ಹಾಗೆ ಜಿರ್ಕಾನ್ ಆಗಿ ಬದಲಾಗಿರುತ್ತದೆ. ಒಳಗಿನದು ಹುಟ್ಟಿದ ದಿನ, ಹೊರಗಿನದು ಬೆಂದ ದಿನ.

ಹಸಿರು ಲಾವಾಕ್ಕೆ: ಸಮೇರಿಯಂ–ನಿಯೋಡಿಮಿಯಂ, ಇಲ್ಲದಿದ್ದರೆ ಪಕ್ಕದ ಪದರ

ನಮ್ಮ ಮರಡಿಹಳ್ಳಿಯ ದಿಂಬು ಲಾವಾ ನೋಡಿದವರಿಗೆ ಗೊತ್ತು. ಸಮುದ್ರದ ತಳದಲ್ಲಿ ಲಾವಾ ನೀರಿಗೆ ಸೋಕಿ ದಿಂಬು ಪೇರಿಸಿಟ್ಟ ಹಾಗೆ ಹೆಪ್ಪುಗಟ್ಟಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಸುತ್ತಿಗೆ ಎತ್ತಬಾರದು. ದಯವಿಟ್ಟು ಒಂದು ಚೂರನ್ನೂ ತರಬೇಡಿ.

ಇಂಥ ಬಸಾಲ್ಟ್‌ನಲ್ಲಿ ಜಿರ್ಕಾನ್ ಸಿಗುವುದು ಕಷ್ಟ. ಆಗ ಕಾಳು ಬಿಟ್ಟು ಇಡೀ ಕಲ್ಲನ್ನೇ ಅಳೆಯಬೇಕಾಗುತ್ತದೆ. ಒಂದೇ ಲಾವಾದ ಏಳೆಂಟು ಕಲ್ಲು ತೆಗೆದು, ಪ್ರತಿಯೊಂದರ ಸಮೇರಿಯಂ–ನಿಯೋಡಿಮಿಯಂ ಐಸೊಟೋಪ್ ಅನುಪಾತಗಳನ್ನು (ಸಮೇರಿಯಂ ನಿಧಾನವಾಗಿ ನಿಯೋಡಿಮಿಯಂ ಆಗುತ್ತದೆ) ಗ್ರಾಫ್ ಮೇಲೆ ಇಟ್ಟರೆ ಚುಕ್ಕೆಗಳು ಒಂದು ಗೆರೆಯ ಮೇಲೆ ಬರಬೇಕು. ಗೆರೆಯ ಓರೆಯಿಂದಲೇ ವಯಸ್ಸು ಸಿಗುತ್ತದೆ. ಇದಕ್ಕೆ ಐಸೋಕ್ರಾನ್ ಅಂತ ಹೆಸರು. ಚಿತ್ರದುರ್ಗ ಗುಂಪಿನ ಲಾವಾಗಳಿಗೆ 1996ರಲ್ಲಿ ಪ್ರಕಟವಾದ ಸುಮಾರು 275 ಕೋಟಿ ವರ್ಷ ಸಿಕ್ಕಿದ್ದು ಈ ದಾರಿಯಲ್ಲೇ.

ಸಮೇರಿಯಂ–ನಿಯೋಡಿಮಿಯಂ ಯಾಕೆ, ರುಬಿಡಿಯಂ–ಸ್ಟ್ರಾನ್ಷಿಯಂ ಯಾಕಲ್ಲ? ಲಾವಾ ಹಸಿರಾಗಿದೆ ಅಂದರೆ ಬಿಸಿ ನೀರು ಅದರೊಳಗೆ ಓಡಾಡಿದೆ ಅಂತ ಅರ್ಥ. ರುಬಿಡಿಯಂ, ಸ್ಟ್ರಾನ್ಷಿಯಂ ನೀರಿನ ಜೊತೆ ಸುಲಭವಾಗಿ ಹೊರಟುಬಿಡುತ್ತವೆ. ಸಮೇರಿಯಂ, ನಿಯೋಡಿಮಿಯಂ ಅಷ್ಟು ಬೇಗ ಜಾಗ ಬಿಡುವುದಿಲ್ಲ. ಆದರೆ ಸಮೇರಿಯಂ-147ರ ಅರ್ಧಾಯುಷ್ಯ, ಅಂದರೆ ಅರ್ಧ ಆಗೋಕೆ ಬೇಕಾದ ಕಾಲ, ಸುಮಾರು 10,600 ಕೋಟಿ ವರ್ಷ. 275 ಕೋಟಿ ವರ್ಷದಲ್ಲಿ 100ಕ್ಕೆ 2 ಭಾಗ ಕೂಡ ಬದಲಾಗಿಲ್ಲ. ಅಷ್ಟು ಸಣ್ಣ ವ್ಯತ್ಯಾಸ ಅಳೆಯಲು ಕಲ್ಲುಗಳ ನಡುವೆ ಸಾಕಷ್ಟು ಅಂತರ ಬೇಕು. ಎಲ್ಲ ಕಲ್ಲೂ ಒಂದೇ ಥರ ಇದ್ದರೆ ಚುಕ್ಕೆಗಳು ಗುಂಪಾಗಿ ಕೂರುತ್ತವೆ, ಗೆರೆ ಎಳೆಯೋಕೇ ಆಗಲ್ಲ. ಇನ್ನೊಂದು ಮೋಸ ಇದೆ. ಎರಡು ಬೇರೆ ಮೂಲದ ಶಿಲಾಪಾಕ ಬೆರೆತಿದ್ದರೂ ಚೆಂದದ ಗೆರೆ ಬರುತ್ತದೆ. ಅದರ ಓರೆಗೆ ವಯಸ್ಸಿನ ಅರ್ಥವೇ ಇರುವುದಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ಬೇರೆ. ಕಪ್ಪು ಲಾವಾ ಪದರಗಳ ನಡುವೆ ತಿಳಿ ಬಣ್ಣದ, ಸಿಲಿಕಾ ಜಾಸ್ತಿ ಇರುವ ಜ್ವಾಲಾಮುಖಿ ಪದರ ಇದೆಯಾ ನೋಡಿ. ಅದರಲ್ಲಿ ಜಿರ್ಕಾನ್ ಸಿಗುತ್ತದೆ. ದಾವಣಗೆರೆ ಜಿಲ್ಲೆಯ ದಾಗಿನಕಟ್ಟೆ ಕಡೆಯ ಇಂಥ ಕಲ್ಲುಗಳಿಗೆ ಜಿರ್ಕಾನ್‌ನಿಂದಲೇ 260 ಕೋಟಿ ವರ್ಷದ ಆಸುಪಾಸಿನ ವಯಸ್ಸು ಬಂದಿದೆ. ಅಂಥ ಪದರ ಸಿಕ್ಕರೆ ಒಂದೆರಡು ದಿನ ಜಾಸ್ತಿ ನಡೆದದ್ದು ಸಾರ್ಥಕ.

ಶಿಸ್ಟ್: ನಿಜವಾದ ಆಯ್ಕೆ ಇರುವುದು ಇಲ್ಲಿ

ಹುಡುಗಿಯ ನಾಲ್ಕು ಕಲ್ಲಿನಲ್ಲಿ ಅವಳಿಗೆ ಇಷ್ಟವಾಗಿದ್ದು ಇದೇ. ಬಿಸಿಲಿಗೆ ಹಿಡಿದು ತಿರುಗಿಸಿದರೆ ಮೈತುಂಬ ಮಿಂಚು. ಒಂದು ಕಡೆ ಅವರೆಕಾಳಿನಷ್ಟು ದೊಡ್ಡ ಗಾರ್ನೆಟ್ ಕೂತಿತ್ತು. ಅಭ್ರಕದ ಪದರಗಳು ಅದನ್ನು ಬಳಸಿಕೊಂಡು ಹೋಗಿದ್ದವು, ಹಳ್ಳದ ನೀರು ಗುಂಡುಕಲ್ಲನ್ನು ಬಳಸುವ ಹಾಗೆ.

"ಇದಕ್ಕೂ ಜಿರ್ಕಾನ್ ಮಾಡಿಸ್ತೀನಿ ಸರ್," ಅಂದಳು.

ಬೇಡ ಅಂದೆ. ಶಿಸ್ಟ್ ಮೊದಲು ಕೆಸರಾಗಿತ್ತು. ಅದರ ಜಿರ್ಕಾನ್ ಕಾಳುಗಳು ಹೊಳೆ ತಂದು ಹಾಕಿದವು, ಎಲ್ಲೋ ಮೇಲಿನ ಬೆಟ್ಟಗಳಿಂದ. ಚಿತ್ರದುರ್ಗ ಪಟ್ಟಿಯ (ಇಲ್ಲಿನ ಲಾವಾ, ಶಿಸ್ಟ್‌ಗಳ ಉದ್ದನೆಯ ಸಾಲಿನ) ಬಹುಭಾಗ ಬೆಂದದ್ದು ಮಧ್ಯಮ ಬಿಸಿಯಲ್ಲಿ, 500 ಡಿಗ್ರಿ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಜಿರ್ಕಾನ್‌ಗೆ ಅದು ಬಿಸಿ ಅಂತಲೇ ಅನ್ನಿಸುವುದಿಲ್ಲ. ಎಲ್ಲಕ್ಕಿಂತ ಎಳೆಯ ಕಾಳಿನ ವಯಸ್ಸು ಒಂದೇ ಮಾತು ಹೇಳುತ್ತದೆ: ಕೆಸರು ಕೂತದ್ದು ಇದಾದ ಮೇಲೆ. ಶಿಸ್ಟ್ ಆದದ್ದು ಯಾವಾಗ ಅನ್ನುವುದಕ್ಕೆ ಅಲ್ಲಿ ಉತ್ತರ ಇಲ್ಲ. ಕೆಸರಿನ ತವರು ಯಾವುದು ಅನ್ನುವುದು ನಿಮ್ಮ ಪ್ರಶ್ನೆಯಾಗಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಬೆಂದ ದಿನ ಬೇಕಾದರೆ ಬೇಯುವಾಗಲೇ ಹೊಸದಾಗಿ ಬೆಳೆದ ಖನಿಜ ಬೇಕು. ಮೊದಲ ಅಭ್ಯರ್ಥಿ ಮೊನಜೈಟ್. ಇದು ಥೋರಿಯಂ, ಯುರೇನಿಯಂ ತುಂಬಿಕೊಂಡ ಫಾಸ್ಫೇಟ್. ಅಲ್ಯೂಮಿನಾ ಜಾಸ್ತಿ, ಸುಣ್ಣ ಕಡಿಮೆ ಇರುವ ಕೆಸರು ಸುಮಾರು 500 ಡಿಗ್ರಿ ದಾಟಿದಾಗ ಹೊಸ ಮೊನಜೈಟ್ ಬೆಳೆಯುತ್ತದೆ. ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಆ ಧಾತುಗಳು ಅಲನೈಟ್ ಎನ್ನುವ ಇನ್ನೊಂದು ಖನಿಜದಲ್ಲಿ ಅಡಗಿರುತ್ತವೆ. ಕಲ್ಲಿನ ತೆಳು ಹಾಳೆ ಮಾಡಿಸಿ, ಮೊನಜೈಟ್ ಗಾರ್ನೆಟ್‌ನ ಒಳಗಿದೆಯೋ ಹೊರಗಿದೆಯೋ ನೋಡಿ, ಅಲ್ಲೇ ಲೇಸರ್ ಬಿಟ್ಟು ಅಳೆಯಬಹುದು. ಒಳಗಿರುವುದು ಗಾರ್ನೆಟ್‌ಗಿಂತ ಹಳೆಯದು ಅಥವಾ ಅದರ ಜೊತೆಯದು. ವಯಸ್ಸನ್ನು ಹೀಗೆ ಕಲ್ಲಿನ ಕಥೆಗೆ ನೇರವಾಗಿ ಕಟ್ಟಿಹಾಕಬಹುದು. ಇದೇ ಇದರ ಸೊಗಸು. ಎಲೆಕ್ಟ್ರಾನ್ ಪ್ರೋಬ್‌ನಲ್ಲಿ ಬರೀ ಧಾತುಗಳ ಪ್ರಮಾಣ ಅಳೆದೂ ವಯಸ್ಸು ಹೇಳುತ್ತಾರೆ. ಅಗ್ಗ, ಬೇಗ, ಚುಕ್ಕೆಯೂ ಪುಟ್ಟದು. ಆದರೆ ಎರಡು ಗಡಿಯಾರ ಹೋಲಿಸುವ ಸೌಕರ್ಯ ಅಲ್ಲಿಲ್ಲ. ಮೊದಲ ನೋಟಕ್ಕೆ ಸರಿ.

ಎರಡನೆಯದು ಗಾರ್ನೆಟ್. ಇದನ್ನು ಲುಟೇಷಿಯಂ–ಹಾಫ್ನಿಯಂ ಅಥವಾ ಸಮೇರಿಯಂ–ನಿಯೋಡಿಮಿಯಂನಿಂದ ಅಳೆಯುತ್ತಾರೆ. ಗಾರ್ನೆಟ್ ಬೆಳೆಯಲು ಶುರು ಮಾಡಿದಾಗಲೇ ಲುಟೇಷಿಯಂ ಅನ್ನು ಬಾಚಿಕೊಳ್ಳುತ್ತದೆ, ಅದು ನಡುಭಾಗದಲ್ಲಿ ಜಾಸ್ತಿ. ಹಾಗಾಗಿ ಲುಟೇಷಿಯಂ ಬೆಳವಣಿಗೆಯ ಶುರುವಿನ ಕಡೆಗೆ ವಾಲುತ್ತದೆ. ಸಮೇರಿಯಂ ಕಾಳಿನ ತುಂಬ ಹೆಚ್ಚು ಸಮವಾಗಿ ಹರಡಿರುತ್ತದೆ, ಅದರ ವಯಸ್ಸು ಕೊನೆಯ ಕಡೆಗೆ. ಎರಡನ್ನೂ ಮಾಡಿಸಿದರೆ ಗಾರ್ನೆಟ್ ಎಷ್ಟು ಕಾಲ ಬೆಳೆಯಿತು ಅನ್ನುವ ಅಂದಾಜೇ ಸಿಗುತ್ತದೆ. ಕೆಲವು ಗಾರ್ನೆಟ್‌ಗಳ ಒಳಗೆ ಸಣ್ಣ ಕಣಗಳ ಸಾಲು ಸುರುಳಿ ಸುತ್ತಿರುವುದು ಕಾಣುತ್ತದೆ. ಕಲ್ಲು ತಿರುಚಿಕೊಳ್ಳುತ್ತಿರುವಾಗಲೇ ಅದು ಬೆಳೆದಿದೆ ಅಂತ ಅರ್ಥ. ಅಂಥ ಗಾರ್ನೆಟ್‌ನ ವಯಸ್ಸು ಅಂದರೆ ಆ ತಿರುಚಿನ ವಯಸ್ಸು. ಬೆಲೆ ಕಟ್ಟಲಾಗದ ಮಾಹಿತಿ. ಆದರೆ ರಾಸಾಯನಿಕ ಕೆಲಸ ವಾರಗಟ್ಟಲೆ ಹಿಡಿಯುತ್ತದೆ. ಗಾರ್ನೆಟ್ ಒಳಗೆ ಸಿಕ್ಕಿಕೊಂಡ ಪುಟ್ಟ ಜಿರ್ಕಾನ್, ಮೊನಜೈಟ್ ತೆಗೆಯದಿದ್ದರೆ ಲೆಕ್ಕ ಕೆಡುತ್ತದೆ.

ಮೂರನೆಯದು ಅಭ್ರಕ, ಆರ್ಗಾನ್–ಆರ್ಗಾನ್ ವಿಧಾನದಲ್ಲಿ. ಕಾಳುಗಳನ್ನು ಪರಮಾಣು ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್‌ಗೆ ಒಡ್ಡಿ, ಆಮೇಲೆ ಹಂತ ಹಂತವಾಗಿ ಕಾಯಿಸಿ, ಪ್ರತಿ ಹಂತದಲ್ಲಿ ಬಿಟ್ಟ ಅನಿಲ ಅಳೆಯುತ್ತಾರೆ. ಹೆಚ್ಚಿನ ಹಂತಗಳು ಒಂದೇ ವಯಸ್ಸು ಹೇಳಿದರೆ ಅದನ್ನು ನಂಬುತ್ತಾರೆ. ಹಳೆಯ ಪೊಟ್ಯಾಸಿಯಂ–ಆರ್ಗಾನ್ ವಿಧಾನದಲ್ಲಿ ಎಲ್ಲ ಅನಿಲ ಒಟ್ಟಿಗೇ ಬರುತ್ತಿತ್ತು. ಸೋರಿಕೆ ಆಗಿದೆಯೋ, ಹೊರಗಿನ ಆರ್ಗಾನ್ ಸೇರಿದೆಯೋ ತಿಳಿಯುತ್ತಿರಲಿಲ್ಲ. ಇವತ್ತು ಅದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ಹೆಚ್ಚು ಬೆಂದ ಕಲ್ಲಿನಲ್ಲಿ ಅಭ್ರಕ ಹೇಳುವುದು ತಣ್ಣಗಾದ ದಿನ. ಉದಾಹರಣೆಗೆ ಒಂದೇ ಬಂಡೆಯಲ್ಲಿ 520 ಡಿಗ್ರಿಗೆ ಬೀಗ ಬಿದ್ದ ಹಾರ್ನ್‌ಬ್ಲೆಂಡ್‌ಗೂ 300ಕ್ಕೆ ಬೀಗ ಬಿದ್ದ ಕಪ್ಪು ಅಭ್ರಕಕ್ಕೂ 4 ಕೋಟಿ ವರ್ಷ ಅಂತರ ಬಂದರೆ, ಅದು 10 ಲಕ್ಷ ವರ್ಷಕ್ಕೆ ಐದೂವರೆ ಡಿಗ್ರಿಯಂತೆ ತಣ್ಣಗಾಗಿದೆ. ಕಡಿಮೆ ಬೆಂದ ಕಲ್ಲಿನಲ್ಲಿ ಕಥೆ ಬೇರೆ. ಬಿಳಿ ಅಭ್ರಕ ತನ್ನ ಬೀಗದ ಬಿಸಿಗಿಂತ ಕೆಳಗೇ ಬೆಳೆದಿದ್ದರೆ ಅದು ಬೆಳೆದ ದಿನವನ್ನೇ ಹೇಳುತ್ತದೆ. ಚಿತ್ರದುರ್ಗ ಪಟ್ಟಿಯ ಪೂರ್ವದ ಅಂಚಿನಲ್ಲಿರುವಂಥ ಜರುಗು ವಲಯಗಳಿಗೆ, ಅಂದರೆ ಬಂಡೆಗಳು ಒಂದರ ಪಕ್ಕ ಒಂದು ಉಜ್ಜಿ ಸರಿದ ಜಾಗಗಳಿಗೆ, ಇದು ಒಳ್ಳೆಯ ದಾರಿ. ಆದರೆ ನೆನಪಿಡಿ, 250 ಕೋಟಿ ವರ್ಷ ಹಳೆಯ ಕಲ್ಲು ಆಮೇಲೆ ಎಷ್ಟು ಸಲ ಬಿಸಿಯಾಗಿದೆಯೋ. ಪ್ರತಿ ಸಲವೂ ಅಭ್ರಕದ ಬೀಗ ಸಡಿಲವಾಗಬಹುದು.

ನೀವು ಪಟ್ಟಿಯಲ್ಲಿ ಎಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೂ ಆಯ್ಕೆ ಬದಲಾಗುತ್ತದೆ. ನಮ್ಮ ನೆಲ ಉತ್ತರಕ್ಕೆ ಓರೆಯಾಗಿ ಮಲಗಿದೆ. ಉತ್ತರದಲ್ಲಿ ಮೇಲಿನ, ಕಡಿಮೆ ಬೆಂದ ಭಾಗ ಕಾಣುತ್ತದೆ. ದಕ್ಷಿಣಕ್ಕೆ ಹೋದಷ್ಟೂ ಆಳದ, ಹೆಚ್ಚು ಬೆಂದ ಕಲ್ಲು. ಹೊಳೆನರಸೀಪುರದ ಕಡೆ ಗಾರ್ನೆಟ್, ಕಯನೈಟ್ ಸಿಗುತ್ತವೆ. ಇನ್ನೂ ದಕ್ಷಿಣಕ್ಕೆ ತುಂಬ ಬೆಂದ ಚಾರ್ನೊಕೈಟ್ ಕಲ್ಲು ಬರುತ್ತದೆ, ಅಲ್ಲಿ ಜಿರ್ಕಾನ್‌ಗೂ ಹೊಸ ಅಂಚು ಬೆಳೆಯುವಷ್ಟು ಬಿಸಿ. ಅಲ್ಲಿ ನಡೆಯುವ ಜಿರ್ಕಾನ್ ವಿಧಾನ ಚಿತ್ರದುರ್ಗದ ಶಿಸ್ಟ್‌ಗೆ ನಡೆಯುವುದಿಲ್ಲ.

ನಾಲ್ಕನೆಯ ದಾರಿ ನನಗೆ ತುಂಬ ಇಷ್ಟವಾದದ್ದು. ಶಿಸ್ಟ್ ಅನ್ನು ಮುಟ್ಟಲೇಬೇಡಿ. ಅದನ್ನು ಸೀಳಿಕೊಂಡು ಬಂದ ಗ್ರಾನೈಟ್ ಎಳೆಯನ್ನು ಅಳೆಯಿರಿ. ಆ ಎಳೆ, ಶಿಸ್ಟ್‌ನ ಪದರಗಳನ್ನು ಅಡ್ಡ ಕತ್ತರಿಸಿ ನೇರವಾಗಿ ಹೋಗಿದ್ದರೆ ಆ ಪದರಗಳು ಎಳೆಗಿಂತ ಮುಂಚಿನವು. ಎಳೆಯೂ ಶಿಸ್ಟ್ ಜೊತೆ ಮಡಚಿಕೊಂಡಿದ್ದರೆ ಮಡಿಕೆ ಎಳೆಗಿಂತ ಆಮೇಲಿನದು. ಎರಡೂ ಬಗೆಯ ಎಳೆ ಸಿಕ್ಕರೆ ರೂಪಾಂತರವನ್ನು ಎರಡು ಕಡೆಯಿಂದ ಹಿಡಿದ ಹಾಗೆ. ಎರಡಕ್ಕೂ ಜಿರ್ಕಾನ್ ಸಾಕು, ಅಂದರೆ ಒಂದೇ ವಿಧಾನದ ದುಡ್ಡು. 275 ಕೋಟಿಯ ಲಾವಾ, ಅದನ್ನು ಸೀಳಿದ 261 ಕೋಟಿಯ ಗ್ರಾನೈಟ್ ಅನ್ನುವ ಚಿತ್ರದುರ್ಗದ ದೊಡ್ಡ ಚೌಕಟ್ಟು ನಿಂತಿರುವುದೂ ಇದೇ ತರ್ಕದ ಮೇಲೆ.

ಉಳಿದವು ಚುಟುಕಾಗಿ

ಹಳೆಯ ಪುಸ್ತಕಗಳಲ್ಲಿ ಗ್ರಾನೈಟ್, ನೈಸ್‌ಗಳಿಗೆ ಇಡೀ ಕಲ್ಲಿನ ರುಬಿಡಿಯಂ–ಸ್ಟ್ರಾನ್ಷಿಯಂ ವಯಸ್ಸು ತುಂಬ ಸಿಗುತ್ತದೆ. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಈಗ ಬಳಸುವಾಗ ಎರಡು ನೋಡಿ. ಒಂದು, ಲೆಕ್ಕಕ್ಕೆ ಯಾವ ಕ್ಷಯ ಸ್ಥಿರಾಂಕ (ಧಾತು ಬದಲಾಗುವ ವೇಗದ ಅಂಕಿ) ಹಿಡಿದಿದ್ದಾರೆ. 1977ಕ್ಕೆ ಮುಂಚೆ ಒಬ್ಬೊಬ್ಬರು ಒಂದೊಂದು ಹಿಡಿಯುತ್ತಿದ್ದರು, ಮತ್ತೆ ಲೆಕ್ಕ ಹಾಕಿಯೇ ಹೋಲಿಸಬೇಕು. ಎರಡು, ಕಲ್ಲು ಆಮೇಲೆ ಬಿಸಿಯಾಗಿದೆಯಾ. ಆಗಿದ್ದರೆ ಆ ಅಂಕಿ ಹುಟ್ಟಿದ ದಿನಕ್ಕಿಂತ ಕಡಿಮೆ ಇರಬಹುದು.

ಕಾರ್ಬನ್ ಡೇಟಿಂಗ್ ಮಾಡಿಸಬಹುದಾ ಅಂತ ಊರಲ್ಲಿ ಬಹಳ ಜನ ಕೇಳುತ್ತಾರೆ. ಕಾರ್ಬನ್-14ರ ಅರ್ಧಾಯುಷ್ಯ 5,730 ವರ್ಷ. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಅದೂ ಒಮ್ಮೆ ಜೀವ ಇದ್ದ ವಸ್ತುವಿಗೆ. ಚಂದ್ರವಳ್ಳಿಯಂಥ ಜಾಗದಲ್ಲಿ ಅಗೆದಾಗ ಸಿಗುವ ಇದ್ದಿಲಿಗೆ ಸರಿ. ಪಕ್ಕದಲ್ಲೇ ನಿಂತಿರುವ ಬಂಡೆಗೆ ಅಲ್ಲ.

ಬೆಟ್ಟ ಸವೆದು ಕಲ್ಲು ಮೇಲೆ ಬಂದದ್ದು ಯಾವಾಗ ಅನ್ನುವ ಪ್ರಶ್ನೆಗೆ ಅಪಟೈಟ್ ಖನಿಜದ ಫಿಷನ್ ಟ್ರ್ಯಾಕ್, ಅಂದರೆ ಯುರೇನಿಯಂ ಒಡೆದಾಗ ಒಳಗೆ ಬೀಳುವ ಗೀರುಗಳನ್ನು ಎಣಿಸುವ ವಿಧಾನ, ಇದೆ. ಅದರ ಬೀಗ ಸುಮಾರು 110 ಡಿಗ್ರಿ. ಅದು ಬೇರೆಯೇ ಪ್ರಶ್ನೆ.

ಕಲ್ಲು ತೆಗೆಯುವಾಗ

ಕೊಳೆತು ಕೆಂಪಾದ ಕಲ್ಲು ಬೇಡ. ಸುತ್ತಿಗೆ ಹೊಡೆದರೆ ಠಣ್ ಅನ್ನಬೇಕು, ಬುಸುಕ್ ಅಂದರೆ ಮುಂದೆ ಹೋಗಿ. ಗ್ರಾನೈಟ್ ಆದರೆ ಐದು ಕಿಲೋ ಇರಲಿ. ಗಾರ್ನೆಟ್ ಶಿಸ್ಟ್‌ಗೆ ಅದೇ ಕಲ್ಲಿನ ಒಂದು ತುಂಡನ್ನು ತೆಳು ಹಾಳೆಗೆ ಎತ್ತಿಡಿ. ಎಳೆ ಅಡ್ಡ ಹೋದ ಜಾಗದ ಫೋಟೋ ತೆಗೆಯುವಾಗ ಪಕ್ಕದಲ್ಲಿ ಪೆನ್ನೋ ಸುತ್ತಿಗೆಯೋ ಇಟ್ಟು ತೆಗೆಯಿರಿ. ಎಷ್ಟೋ ಸಲ ವಯಸ್ಸಿನ ಅಂಕಿ ಕೈಗೆ ಬಂದ ಮೇಲೆ ಆ ಫೋಟೋ ಒಂದೇ ಅದಕ್ಕೆ ಅರ್ಥ ಕೊಡುತ್ತದೆ. ಲ್ಯಾಬ್ ವಿಷಯಕ್ಕೆ, ಆರ್ಗಾನ್–ಆರ್ಗಾನ್‌ಗೆ ಮುಂಬೈ ಐಐಟಿ ಇದೆ. ಯುರೇನಿಯಂ–ಸೀಸಕ್ಕೆ ಹೈದರಾಬಾದ್‌ನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ), ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಂಥ (ಐಯುಎಸಿ) ಕಡೆ ಗೈಡ್ ಮೂಲಕ ಪತ್ರ ಬರೆಯಿಸಿ. ಸರದಿ ಉದ್ದ ಇರುತ್ತದೆ, ಬೇಗ ಕೇಳಿ.

ಸಂಜೆ ಹೊತ್ತಿಗೆ ಹುಡುಗಿ ಮೂರು ಕಲ್ಲು ಚೀಲಕ್ಕೆ ಹಾಕಿದಳು. ಶಿಸ್ಟ್ ಮಾತ್ರ ಕೈಯಲ್ಲೇ ಇತ್ತು. "ಇದನ್ನು ತೆಗೆದ ಹಳ್ಳದಲ್ಲಿ ಬಿಳಿ ಎಳೆ ಒಂದು ಅಡ್ಡ ಹೋಗಿತ್ತು ಸರ್. ಗ್ರಾನೈಟೋ ಬೆಣಚುಕಲ್ಲೋ ನೋಡಲಿಲ್ಲ," ಅಂದಳು. ಬೆಣಚುಕಲ್ಲಾದರೆ ಜಿರ್ಕಾನ್ ಆಸೆ ಬಿಡಬೇಕು. ಗ್ರಾನೈಟ್ ಆದರೆ ಅವಳ ಪ್ರಾಜೆಕ್ಟ್ ಅಲ್ಲೇ ಇದೆ. ಬರುವ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಹೊರಡೋಣ ಅಂತ ಮಾತಾಗಿದೆ.